ಸಾವಿರ ವ್ಯಾಟಿನೊಳಗೆ

ಇಸ್ತ್ರಿಪೆಟ್ಟಿಗೆಯ ಸ್ವಿಚ್ಚಿನ ಮೇಲಿಟ್ಟ ಬೆರಳನ್ನು ತಾಯಿ ಹಿಂದಕ್ಕೆ ತೆಗೆದಳು. ಬೀದಿಯ ಕರೆಂಟು ಹೋಗಿ ಮನೆ ಇನ್ವರ್ಟರ್ ಮೇಲೆ ನಡೆಯುತ್ತಿತ್ತು. "ಈಗ ಬೇಡ ಪುಟ್ಟಿ, ಲೋಡ್ ತಡೆಯಲ್ಲ."

"ಯಾಕಮ್ಮಾ ತಡೆಯಲ್ಲ? ಈ ಯೂನಿಫಾರಂ ನೋಡು, ಹಸು ಅಗಿದು ಬಿಟ್ಟ ಹಾಗಿದೆ. ಇದನ್ನ ಹಾಕ್ಕೊಂಡು ಹೋದ್ರೆ ಕ್ಲಾಸಲ್ಲಿ ನನ್ನ ಆಡ್ಕೋತಾರೆ."

ತಾಯಿ ಬೆರಳು ಮಡಚತೊಡಗಿದಳು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ವ್ಯಾಟ್ ಎಂದು ವೈರ್‌ಮನ್ ಗಂಡ ಹಾಸಿಗೆಯಲ್ಲಿ ಮಲಗಿಕೊಂಡೇ ಅವಳಿಗೆ ಕಲಿಸಿದ್ದ. ತನ್ನಿಂದಾಗಿ ಅವನ ಉಸಿರಿನ ಯಂತ್ರ ಎಲ್ಲಿ ನಿಂತುಬಿಡುತ್ತದೋ ಎಂದು ಅವಳು ಆ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದಳು. "ಇನ್ನೂರ ಮೂವತ್ತು ವೋಲ್ಟು. ಪೆಟ್ಟಿಗೆ ನಾಲ್ಕು ಆಂಪಿಯರ್ ಎಳೆಯುತ್ತೆ, ಅಲ್ಲಿಗೆ ಒಂಬೈನೂರ ಇಪ್ಪತ್ತು ವ್ಯಾಟ್. ಅಪ್ಪನ ಮಷೀನು ಒಂದೂವರೆ ಆಂಪಿಯರ್, ಮುನ್ನೂರ ನಲವತ್ತೈದು. ಇನ್ವರ್ಟರ್ ತಡೆಯೋದು ಸಾವಿರ. ನೀನೇ ಕೂಡಿಸಿ ನೋಡು."

ಮಗಳು ಕೂಡಿಸಲಿಲ್ಲ. ಅಪ್ಪ ಹೋಗಿ ತಿಂಗಳಾಗುತ್ತ ಬಂದಿತ್ತು. ಬಾಡಿಗೆಗೆ ತಂದಿದ್ದ ಯಂತ್ರವನ್ನು ಅಂಗಡಿಯವರು ಮರುದಿನವೇ ಒಯ್ದಿದ್ದರು. ಅವಳು ಯೂನಿಫಾರಮ್ಮಿನ ಕಾಲರನ್ನು ಅಂಗೈಯಿಂದ ತೀಡುತ್ತ, "ಗುಣಿಸಿದ್ದು ಸರಿ ಇದೆ ಅಮ್ಮಾ," ಎಂದಳು. "ಕೂಡಿಸೋದು ಬೇಕಾಗಿಲ್ಲ."

"ಹೌದಲ್ಲ," ಎಂದಳು ತಾಯಿ, ಹಾಲಿನ ಪಾತ್ರೆ ಮುಚ್ಚಲು ಮರೆತದ್ದನ್ನು ಯಾರೋ ನೆನಪಿಸಿದ ಹಾಗೆ. ಸ್ವಿಚ್ಚು ಒತ್ತಿದಳು. ಪೆಟ್ಟಿಗೆಯ ಕೆಂಪು ದೀಪ ಹೊತ್ತಿತು. ಇನ್ವರ್ಟರ್ ಇನ್ನೇನು ಕೂಗಿಕೊಳ್ಳುತ್ತದೆ ಎಂದು ಅವಳು ಕಿವಿಗೊಟ್ಟು ನಿಂತಳು. ಅದು ಕೂಗಲೇ ಇಲ್ಲ.