ಮೂಲೆ ಮುಟ್ಟದ ಖಾಕಿ

ಕೌದಿಯ ಚಿತ್ತಾರ ಬರೆದ ಕಾಗದಕ್ಕೆ ಹೊಲಿದ ಖಾಕಿ ತುಂಡನ್ನು ಅನೀಸಾ ಮಗುಚಿ ನೋಡಿದಳು. ಮತ್ತೆ ಮೂಲೆಯಲ್ಲಿ ಕಾಗದ ಇಣುಕುತ್ತಿತ್ತು, ಬಟ್ಟೆ ಸಾಕಾಗಿರಲಿಲ್ಲ. ಹೊಲಿಗೆ ಬಿಚ್ಚಿ ಬಿಚ್ಚಿ ಕಣ್ಣು ಉರಿಯುತ್ತಿತ್ತು. ಹುಟ್ಟಲಿರುವ ಮೊಮ್ಮಗುವಿನ ಕೌದಿಗೆಂದು ಎತ್ತಿಟ್ಟಿದ್ದ, ತೀರಿಕೊಂಡ ಗಂಡನ ಖಾಕಿ ಅಂಗಿಯಲ್ಲಿ ಈಗ ಒಂದು ತೋಳಷ್ಟೇ ಉಳಿದಿತ್ತು.

“ಸಾಕು ಬಿಡಮ್ಮಿ, ಶಿವಮೊಗ್ಗದಲ್ಲಿ ಹೊಸ ಬಟ್ಟೆ ತಗೊಂಡ್ರಾಯ್ತು,” ಎಂದಳು ತುಂಬು ಬಸುರಿ ಮಗಳು ಶಬೀನಾ.

“ನಿನ್ನ ಅಬ್ಬಾನ ಅಂಗಿ ಅಲ್ಲಿ ಸಿಗುತ್ತೇನೇ?”

ಅನೀಸಾ ಕತ್ತರಿ ಎತ್ತಿದವಳು ಹಾಗೇ ಕೆಳಗಿಟ್ಟಳು. ಬಟ್ಟೆ ಉಳಿಸಲು ಹೋಗಿ, ಪ್ರತಿ ಸಲವೂ ಹೊಲಿಗೆಗೆ ಅಂಚು ಬಿಡದೆ ಕಾಗದದ ಅಳತೆಗೇ ಕತ್ತರಿಸಿ ಹಾಳು ಮಾಡಿದ್ದಳು. ಈ ಸಲ ತೋಳಿನ ಹೊಲಿಗೆ ಬಿಚ್ಚಿ, ಇಡೀ ಬಟ್ಟೆಯನ್ನೇ ಕಾಗದಕ್ಕೆ ಹೊಲಿದು ಮಗುಚಿದಳು. ಅದು ಮೂಲೆ ದಾಟಿ ಅವಳ ಮಡಿಲಿನವರೆಗೂ ಇಳಿಯಿತು.

“ಹೆಚ್ಚಾಗಿದ್ದನ್ನ ನೀನೇ ಕತ್ತರಿಸಮ್ಮ,” ಎಂದು ಮಗಳ ಕೈಗೆ ಕತ್ತರಿ ಕೊಟ್ಟು, ಅನೀಸಾ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.