ಕೂಡಿದ ಗೆರೆ

ಮುಂಜಾನೆಯ ಪತ್ರಿಕೆಯ ವ್ಯಂಗ್ಯಚಿತ್ರದಲ್ಲಿ ಹೇಗಿರುತ್ತದೋ, ಅಂದು ಇಡೀ ದಿನ ಮುಖ್ಯಮಂತ್ರಿಯ ಮುಖ ಹಾಗೇ ಇರುತ್ತದೆ. ಮಂದಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಮುಖ್ಯಮಂತ್ರಿಯ ಕ್ಷೌರಿಕ ಕೂಡ ಪತ್ರಿಕೆ ನೋಡಿದ ಮೇಲೆಯೇ ಕತ್ತಿ ಹಿಡಿಯುತ್ತಾನೆ.

ಇಪ್ಪತ್ತು ವರ್ಷಗಳಿಂದ ಆ ಚಿತ್ರ ಬರೆಯುವವನು ಕಲ್ಲಪ್ಪ ಬಡಿಗೇರ. ಮೂಗನ್ನು ಎಷ್ಟೇ ಉದ್ದ ಎಳೆದರೂ ಕಿವಿಯ ಗೆರೆಯನ್ನು ಮಾತ್ರ ಅವನು ಎಂದೂ ಕೂಡಿಸಿದವನಲ್ಲ. ಕೂಡಿಸಿದರೆ ಆ ದಿನ ಮುಖ್ಯಮಂತ್ರಿಗೆ ಏನೂ ಕೇಳಿಸುವುದಿಲ್ಲ. ಶಿಷ್ಯೆ ಶಕುಂತಲಾಳಿಗೆ ಮೊದಲು ಕಲಿಸಿದ್ದೂ ಅದನ್ನೇ. ಜ್ವರ ಬಂದ ದಿನಗಳಿಗೆ ಇರಲಿ ಎಂದು ತನ್ನ ಸಹಿಯನ್ನೂ ಕಲಿಸಿದ್ದ.

ಇಂದು ಗಿರಣಿಯ ಬೆಂಕಿಯಲ್ಲಿ ಸತ್ತವರ ಮನೆಯವರು ಮುಖ್ಯಮಂತ್ರಿಗೆ ಅಹವಾಲು ಹೇಳುವ ದಿನ. ನಿನ್ನೆ ಕಲ್ಲಪ್ಪ ಮೊಸಳೆಬಾಯಿ ಬರೆದು, ಪ್ರೆಸ್ಸಿಗೆ ಮುಟ್ಟಿಸಲು ಶಕುಂತಲಾಳ ಕೈಗೇ ಕೊಟ್ಟಿದ್ದ. ಆದರೆ ಕಾರಿನಿಂದ ಇಳಿದ ಮುಖ್ಯಮಂತ್ರಿ ಮದುಮಗನಂತೆ ಹೊಳೆಯುತ್ತಿದ್ದರು.

ಮಂದಿಯ ನಡುವೆ ನಿಂತಿದ್ದ ಕಲ್ಲಪ್ಪ ಅಂದಿನ ಪತ್ರಿಕೆ ಬಿಡಿಸಿದ. ಚಿತ್ರದ ಕೆಳಗೆ ತನ್ನದೇ ಸಹಿ. ಕಿವಿಯ ಗೆರೆ ಸುತ್ತಿ ಬಂದು ಕೂಡಿತ್ತು.

ಮುದುಕಿಯೊಬ್ಬಳು ಸತ್ತ ಮಗನ ಹೆಸರು ಹೇಳಿ ಅತ್ತಳು. ಮುಖ್ಯಮಂತ್ರಿ ನಗುತ್ತ ಕೈಮುಗಿದರು.

ವೇದಿಕೆಯ ಮಗ್ಗುಲಲ್ಲಿ ನಿಂತಿದ್ದ ಶಕುಂತಲಾಳ ಬಳಿ ಕಲ್ಲಪ್ಪ ಹೋದ.

"ಇವನ ಮಾರಿ ಚಂದ ಮಾಡು ಅಂತ ಯಾರು ಹೇಳಿದ್ರವಾ?"

"ಮುಖ್ಯಮಂತ್ರಿಗಳು ಹೇಳಿದ್ದು ಕಿವಿ ಮುಚ್ಚು ಅಂತ ಅಷ್ಟರೀ, ಸರ," ಅಂದಳು ಅವಳು. "ಮಂದಿ ಕಿವಿ ಕಡೆ ನೋಡಬಾರದಂತ ಮಾರಿ ನಾನ ಚಂದ ಮಾಡಿದೆ."