ತಿದಿ ಕಟ್ಟಿದ ಕಾರು

ಬಿಸಿಲಿಗೆ ಕಾದ ಚರ್ಮದ ವಾಸನೆ ಬಂದರೆ ಈಗಲೂ ನಾನು ನ್ಯಾಮತಿಯ ಏರಿನಲ್ಲಿ, ಮದುಮಗಳಾದ ಅಕ್ಕನ ಪಕ್ಕ, ಒಂದು ಪುಟಾಣಿ ಕಾರಿನೊಳಗೆ ಕೂತಿರುತ್ತೇನೆ.

ಆ ಕಾರಿಗೆ ಏರು ಹತ್ತುವ ಕಸುವಿರಲಿಲ್ಲ. ಗಂಡನ ಮನೆಯ ಹೊಸ್ತಿಲು ಮುಟ್ಟುವವರೆಗೆ ಅಕ್ಕನ ಕಾಲು ನೆಲಕ್ಕೆ ತಾಗಬಾರದೆಂದು ಅವ್ವನ ಕಟ್ಟಪ್ಪಣೆ. ಅದಕ್ಕೇ ಕಮ್ಮಾರನಾದ ಸೋದರಮಾವ, ಕುಲುಮೆಗೆ ಗಾಳಿ ಊದುವ ಚರ್ಮದ ತಿದಿಯನ್ನು ತಂದು ಎಂಜಿನ್ನಿಗೆ ಕಟ್ಟಿದ್ದ.

“ಗಾಳಿ ಊದಿದ್ರೆ ಕಬ್ಬಿಣನೇ ಕರಗ್ತೈತೆ. ಈ ಏರು ಹತ್ತಾಕೆ ಏನ್ರೀ ಕಷ್ಟ?” ಎಂದು ಡ್ರೈವರನಿಗೆ ಹೇಳಿ, ಮಡ್‌ಗಾರ್ಡಿನ ಮೇಲೆ ಕೂತು, ಕಣ್ಣು ಮುಚ್ಚಿ ತಿದಿ ಒತ್ತತೊಡಗಿದ. ಕಾರು ಅಜ್ಜಿಯಂತೆ ಕೆಮ್ಮಿತು. ನಾನು ಕಾರಿನಂತೆ ಕೆಮ್ಮಿದೆ.

“ಸುಮ್ಕಿರೋ ಮಂಗ, ಕಾರು ಯಾವುದು, ನೀನ್ಯಾವುದು ಗೊತ್ತಾಗಂಗಿಲ್ಲ,” ಎಂದು ಮಾವ ಕಣ್ಣು ತೆರೆಯದೆಯೇ ಗದರಿದ.

ಆಮೇಲೆ ಕಾರು ಹತ್ತಿಯ ಮೋಡದಂತೆ ಮೆಲ್ಲಗೆ ತೇಲಿ ಮೇಲೇರಿತು. ಅಕ್ಕ ಸೆರಗು ಸರಿಸಿ ಹಿಂದಿನ ಗಾಜಿನಲ್ಲಿ ನೋಡಿದಳು. ನಾನೂ ನೋಡಿದೆ. ಭಾರ ಕಮ್ಮಿಯಾಗಲೆಂದು ಇಳಿದಿದ್ದ ಭಾವ, ಬೀಗರ ಜೊತೆ ಪಂಚೆ ಎತ್ತಿಕಟ್ಟಿ ಕಾರು ತಳ್ಳುತ್ತಿದ್ದ. ಒಂದು ಕೈಯ ಬೆರಳು ತುಟಿಯ ಮೇಲಿತ್ತು.

ತುದಿ ತಲುಪಿದಾಗ ಮಾವ ಬೆವರೊರೆಸುತ್ತ ಒಳಗೆ ಇಣುಕಿದ. “ಹೆಂಗವ್ವಾ ನನ್ನ ತಿದಿ?”

ಬೆಳಗಿನಿಂದ ಅಳುತ್ತಲೇ ಇದ್ದ ಅಕ್ಕ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, “ನೀನಿಲ್ದಿದ್ರೆ ನಡಕೊಂಡೇ ಹೋಗ್ಬೇಕಿತ್ತು ಮಾವ,” ಎಂದು ನಕ್ಕಳು.